ಕುಡುಗೋಲಿನ ಹಿಡಿಯಷ್ಟು ನೀರು

ಜಯಮಂಗಲಿ ಹೊಳೆ ನಮ್ಮೂರ ಹತ್ತಿರ ಹರಿಯುವುದಕ್ಕಿಂತ ಮಲಗುವುದೇ ಹೆಚ್ಚು. ಮಳೆ ಬಂದ ತಿಂಗಳು ನೀರು, ಉಳಿದ ತಿಂಗಳು ಮರಳು. ಆ ಮರಳಿನ ಕೆಳಗೆ ನೀರು ನಡೆಯುತ್ತಿರುತ್ತದೆ. ಬೆಳಗಿನ ಹೊತ್ತು ಬರಿಗಾಲಲ್ಲಿ ನಿಂತರೆ ಅಂಗಾಲಿಗೆ ತಂಪು ಹತ್ತುತ್ತದೆ. ನಿಂತಲ್ಲೇ ನಿಂತು ಎಲ್ಲಿಗೋ ಹೋಗುತ್ತಿದ್ದೇನೆ ಅನ್ನಿಸುತ್ತದೆ. ಎಷ್ಟೋ ಸಲ ಹಾಗೆ ನಿಂತು, ಮುದ್ದೆಗೆ ಇಟ್ಟ ಎಸರು ಮರೆತಿದ್ದೇನೆ.

ನನ್ನ ಗಂಡ ಊರಿನ ನೀರುಗಂಟಿಯಾಗಿದ್ದ. ಹೊಳೆಗೆ ಅಡ್ಡ ಹಾಕಿದ ಕಲ್ಲೊಡ್ಡಿನಿಂದ ಯಾರ ಹೊಲಕ್ಕೆ ಎಷ್ಟು ಹೊತ್ತು ಅಂತ ನೀರು ಬಿಡುವ ಕೆಲಸ. ಗಂಡ ತೀರಿದ ಮೇಲೆ ನಾನೇ ಮಾಡಿದೆ. ಒಡ್ಡಿನ ಬುಡದಲ್ಲಿ ಕುಡುಗೋಲಿನ ಹಿಡಿ ತೂರುವಷ್ಟು ಒಂದು ಕಂಡಿ ಇತ್ತು. ಅದು ಕೆಳಗಿನೂರಿನ ಪಾಲು. ಹೊಸ ನೀರು ನಿಂತ ದಿನ ನೀರುಗಂಟಿ ಮೊದಲು ಆ ಕಂಡಿಗೆ ಹಿಡಿ ಹಾಕಿ ಕಸ ತೆಗೆಯಬೇಕು, ಆಮೇಲೆ ತನ್ನೂರಿನ ಕಾಲುವೆ ಮುಟ್ಟಬೇಕು. ಯಾರೂ ಬರೆದಿಟ್ಟದ್ದಲ್ಲ, ನಡೆದು ಬಂದದ್ದು.

ಕೆಳಗಿನೂರಿಗೆ ನನ್ನ ಅಕ್ಕನನ್ನು ಕೊಟ್ಟಿದೆ. ಅವಳ ಹೊಲದ ಅಂಚಿನಲ್ಲಿ ತಲಪರಿಗೆ ಇದೆ, ಅಂದರೆ ಮರಳು ತೋಡಿ ಸುತ್ತ ಕಲ್ಲು ಕಟ್ಟಿದ ಒರತೆ. ಮೋಟಾರು ಬೇಡ, ಬಗ್ಗಿ ಬಿಂದಿಗೆ ಅದ್ದಿದರೆ ಸಾಕು. ಅವಳ ಎರಡು ಎಮ್ಮೆ, ಒಂದಷ್ಟು ಕನಕಾಂಬರದ ಗಿಡ ಬದುಕಿದ್ದು ಅದರಿಂದಲೇ.

ಈಚೆಗೆ ಹಳೇ ಒಡ್ಡು ಕಿತ್ತು ಸಿಮೆಂಟಿನ ಚೆಕ್ ಡ್ಯಾಮ್ ಕಟ್ಟಿದರು. ಹಳೇ ಕಂಡಿ ಇದ್ದ ಜಾಗದಲ್ಲಿ ಒಂದು ಪೈಪು ಇಟ್ಟ ಮೇಸ್ತ್ರಿ ನನ್ನನ್ನು ಕರೆದ.

"ಅಜ್ಜಿ, ಇದು ಇರ್ಲಾ, ಮುಚ್ಬುಡ್ಲಾ?"

ನಿಂತ ನೀರು ನೋಡಿ ನನಗೆ ವರ್ಷಗಳಾಗಿದ್ದವು.

"ಮುಚ್ಚು ಕಣ್ಲಾ. ಒಂದು ತೊಟ್ಟೂ ಹೋಗ್ಬಾರ್ದು," ಅಂದೆ.

ಆ ವರ್ಷ ಮಳೆ ಚೆನ್ನಾಗಿ ಬಂತು. ನೀರು ಕಟ್ಟೆಯ ತಲೆ ದಾಟಿ ಹೋಯಿತು, ಆಮೇಲೆ ಅಲ್ಲಾಡದೆ ನಿಂತಿತು. ಮೋಡ, ಬೆಟ್ಟ, ಕೊಕ್ಕರೆ ಎಲ್ಲ ತಲೆಕೆಳಗಾಗಿ ಅದರೊಳಗಿದ್ದವು. ದಿನಾ ಹೋಗಿ ಕಟ್ಟೆಯ ಮೇಲೆ ಕೂರುತ್ತಿದ್ದೆ. ನಾನು ಮೇಲಿನವಳೋ ನೀರೊಳಗಿನವಳೋ ಮರೆತುಹೋಗುತ್ತಿತ್ತು. ಕುಡುಗೋಲು ಮನೆಯ ಸೂರಿನಲ್ಲೇ ಇತ್ತು.

ಮಳೆ ನಿಂತು ಎರಡು ತಿಂಗಳಿಗೆ ಅಕ್ಕ ಹೊಳೆಯ ಮರಳಿನಲ್ಲೇ ನಡೆದು ಬಂದಳು. ಬಿಸಿಲು ನಡುಗುತ್ತಿತ್ತು, ದೂರದಿಂದ ಅವಳು ಬರುತ್ತಿದ್ದಾಳೋ ನಿಂತಿದ್ದಾಳೋ ತಿಳಿಯಲಿಲ್ಲ. ಕಟ್ಟೆ ಹತ್ತಿ ನೀರು ನೋಡಿದಳು.

"ಚೆನ್ನಾಗೈತೆ ಕಣಮ್ಮ ನಿಮ್ ಸಮುದ್ರ."

"ಮಜ್ಜಿಗೆ ತರ್ಲಾ?"

"ನಿನ್ ಮಜ್ಜಿಗೆ ಇಕ್ಕಂಡು ಏನ್ ಮಾಡ್ಲಿ. ತಲಪರಿಗೇಲಿ ಕಪ್ಪೇನೂ ಎದ್ದೋಯ್ತು. ಒಂದು ಎಮ್ಮೆ ಸಂತೆಗೆ ಹೊಡ್ದೆ. ಸಂಕ್ರಾಂತಿ ಆದ್ಮೇಲೆ ಇನ್ನೊಂದನ್ನೂ ಹೊಡೀತೀನಿ."

"ನಿಮ್ ಕಡೆ ಮಳೆ ಕಮ್ಮಿ ಆಯ್ತೇನೋ."

"ಮಳೆ ಕಥೆ ಬುಡು. ಕಂಡೀಗೆ ಹಿಡಿ ಹಾಕಿದ್ಯಾ?"

ನಾನು ನೀರಿನ ಕಡೆ ತಿರುಗಿದೆ.

"ನಿನ್ ಗಂಡ ಕುಡುಕ. ಆದ್ರೂ ಹಾಕೋನು," ಅಂದು ಇಳಿದು ಹೋದಳು.

ಮಾರನೆ ಬೆಳಿಗ್ಗೆ ಸುತ್ತಿಗೆ, ಚಾಣ ಹಿಡಿದು ಕಟ್ಟೆಯ ಕೆಳಗಿಳಿದೆ. ಪೈಪಿನ ಬಾಯಿಗೆ ಮೆತ್ತಿದ್ದ ಸಿಮೆಂಟು ಒಡೆಯತೊಡಗಿದೆ. ಸದ್ದಿಗೆ ನಾಲ್ಕು ಜನ ಮೇಲೆ ಬಂದು ನಿಂತರು.

"ನಮ್ಮೂರ್ ನೀರ್ನ ಅಕ್ಕನ ಮನೆಗೆ ಬುಡ್ತೀಯೇನಜ್ಜಿ?" ಒಬ್ಬ ಕೇಳಿದ.

"ಮುಚ್ಚಿಸ್ದೋಳೂ ನಾನೇ ಕಣ್ಲಾ. ಬ್ಯಾಡ ಅನ್ನೋನು ಇಳಿದು ಬಂದು ಕೈ ಅಡ್ಡ ಇಡು."

ಯಾರೂ ಇಳಿಯಲಿಲ್ಲ. ಹೊತ್ತು ನೆತ್ತಿಗೆ ಬರುವಾಗ ಮೊದಲು ಕೆಸರು ಬಂತು, ಹಿಂದೆಯೇ ತಣ್ಣನೆಯ ನೀರು. ಹತ್ತು ಹೆಜ್ಜೆ ಹೋಗಿ ಮರಳಲ್ಲಿ ಮಾಯವಾಯಿತು. ಮರುದಿನ ಇನ್ನಷ್ಟು ದೂರ. ಮರಳು ಒದ್ದೆಯಾಗುವ ತುದಿಯ ಜೊತೆ ದಿನಾ ನಾನೂ ನಡೆದೆ. ಅದು ನಿಂತಲ್ಲಿ ನಿಂತೆ, ಹೊಂಗೆ ನೆರಳು ಸಿಕ್ಕಲ್ಲಿ ಕೂತೆ. ಕರೆಂಟು ತೆಗೆಯುವ ದೊಡ್ಡ ಡ್ಯಾಮುಗಳ ಕೆಳಗೂ ಹೊಳೆ ಸಾಯದಷ್ಟು ನೀರು ಬಿಡಬೇಕಂತೆ, ಟೀವಿಯಲ್ಲಿ ಹೇಳುತ್ತಿದ್ದರು. ಅಲ್ಲಿಯ ನೀರುಗಂಟಿ ಯಾರೋ, ಯಾವ ಹಿಡಿಯಲ್ಲಿ ಅಳೆಯುತ್ತಾನೋ.

ಸಂಕ್ರಾಂತಿ ಕಳೆಯಿತು. ಅಕ್ಕನಿಗೆ ಫೋನು ಮಾಡಿದೆ.

"ಎಮ್ಮೆ ಹೊಡ್ದ್ಯಾ?"

"ಇಲ್ಲ. ತಲಪರಿಗೆ ಕಲ್ಲು ಬೆವರ್ತಾ ಐತೆ. ಬಿಂದಿಗೆ ಅದ್ದಕ್ಕಾಗಲ್ಲ, ಚೊಂಬು ಅದ್ದುತ್ತೆ."

"ಮೊದ್ಲು ಹೋದ ಎಮ್ಮೆ?"

"ಅದು ಹೋಯ್ತು ಬುಡು."

ಫೋನಿಟ್ಟು ಸೂರಿನಿಂದ ಕುಡುಗೋಲು ತೆಗೆದೆ. ಕಟ್ಟೆಯಲ್ಲಿ ನೀರು ಒಂದು ಗೇಣು ಇಳಿದಿತ್ತು, ತಲೆಕೆಳಗಾದ ಬೆಟ್ಟ ಇನ್ನೂ ಅದರೊಳಗೇ ಇತ್ತು. ಪೈಪಿನ ಬಾಯಿಗೆ ಪಾಚಿ ಕಟ್ಟಿತ್ತು. ಹಿಡಿ ಹಾಕಿ ತೆಗೆದೆ.