ನರ್ಸಮ್ಮನ ಮನೆಯ ಹಿಂದಿನ ಮೂಲೆ

ಗಟ್ಟಿ ಮೇಸ್ತ್ರಿ ತೀರಿಕೊಂಡು ನಾಲ್ಕು ತಿಂಗಳಾಯಿತು. ಅಪ್ಪ ಅಮ್ಮ ಇಟ್ಟ ಹೆಸರು ಚರ್ಚಿನ ರಿಜಿಸ್ಟರಿನಲ್ಲಿತ್ತು. ಉಳಿದವರಿಗೆಲ್ಲ ಅವನು ಗಟ್ಟಿ ಮೇಸ್ತ್ರಿ. ಪಾಯ ತೋಡಿಸುವಾಗ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಕೆಳಗಿದ್ದ ಆಳುಗಳನ್ನು ಗಳಿಗೆಗೊಮ್ಮೆ "ಗಟ್ಟಿ ಸಿಕ್ತೇನ್ರಪ್ಪ?" ಎಂದು ಕೇಳುತ್ತಿದ್ದುದರಿಂದ ಬಂದ ಹೆಸರು. ಗಟ್ಟಿ ನೆಲ ಸಿಗುವತನಕ ಒಂದು ಕಲ್ಲನ್ನೂ ಇಡಿಸುತ್ತಿರಲಿಲ್ಲ. ಸಿಕ್ಕ ಮೇಲೂ ಅವನದೊಂದು ಪದ್ಧತಿ ಇತ್ತು. ಮನೆ ಕಟ್ಟಿಸುವವರು, ಗಂಡಾಗಲಿ ಹೆಣ್ಣಾಗಲಿ, ಚಪ್ಪಲಿ ಕಳಚಿ ಪಾಯದೊಳಗೆ ಇಳಿದು ನಾಲ್ಕೂ ಮೂಲೆಯಲ್ಲಿ ನಿಂತು ನೋಡಬೇಕು. ಬಟ್ಟೆ ಕೊಳೆಯಾಗುತ್ತದೆ ಎಂದು ಮುಖ ಸಿಂಡರಿಸಿದವರಿಗೆ, "ದುಡ್ಡು ಕೊಡೋರು ಒಂದ್ಸಲ ಕೆಳಗೆ ನಿಂತು ನೋಡ್ಲಿ. ಆಮೇಲೆ ಜೀವಮಾನ ಪೂರ್ತಿ ಮೇಲೇ ಇರ್ತೀರಲ್ಲ," ಎನ್ನುತ್ತಿದ್ದ.

ಇಂಥವನು ಒಂದೇ ಒಂದು ಮನೆಗೆ ಯಾರನ್ನೂ ಇಳಿಸದೆ ಕಾಂಕ್ರೀಟು ಸುರಿದ. ಅದು ಆಸ್ಪತ್ರೆಯಿಂದ ನಿವೃತ್ತರಾದ ನರ್ಸಮ್ಮನ ಮನೆ.

ಅದಕ್ಕೆ ಆರು ತಿಂಗಳ ಹಿಂದೆ ಅವನು ಜೀವನದಲ್ಲೇ ಮೊದಲ ಬಾರಿ ಸಾಲ ಮಾಡಿದ್ದ. ಹೆಂಡತಿಯ ತಮ್ಮ ಕಟ್ಟಡದ ಯಂತ್ರಗಳನ್ನು ಮಾರುವ ಅಂಗಡಿಯಲ್ಲಿದ್ದ. "ಸಲಿಕೆಯಲ್ಲಿ ಕಲಸೋ ಕಾಲ ಹೋಯ್ತು ಭಾವ. ಒಂದು ಮಿಕ್ಸರ್ ತಗೋ. ಕಂತು ಅದೇ ದುಡಿದು ಅದೇ ಕಟ್ಟುತ್ತೆ. ನೀನು ಸುಮ್ನೆ ಪಕ್ಕದಲ್ಲಿ ನಿಂತಿದ್ರೆ ಸಾಕು," ಎಂದು ತಲೆ ಸವರಿದ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕಬೇಕೆಂದು ಯೇಸು ಹೇಳಿದ್ದು ಮೇಸ್ತ್ರಿಗೆ ಗೊತ್ತಿಲ್ಲದ್ದೇನಲ್ಲ. ಅದು ಗೋಪುರದ ಮಾತು, ಯಂತ್ರದ್ದಲ್ಲ ಎಂದುಕೊಂಡ. ಕಂತು ಕಟ್ಟುವ ಹತ್ತನೇ ತಾರೀಖು ಎಂಬುದು ತಿಂಗಳಿಗೊಮ್ಮೆ ಬರುತ್ತದೆಂದು ಅವನಿಗೆ ಸರಿಯಾಗಿ ತಿಳಿದದ್ದು ಆಮೇಲೆ.

ನರ್ಸಮ್ಮನ ಪಾಯ ತೋಡಿದ್ದು ಅಂಥ ಒಂದು ತಿಂಗಳ ಮೊದಲ ವಾರದಲ್ಲಿ. ಮೂರು ಮೂಲೆಯಲ್ಲಿ ಗಟ್ಟಿ ಸಿಕ್ಕಿತು. ಹಿಂದಿನ ಬಲಮೂಲೆಯಲ್ಲಿ ಹಾರೆ ಹಾಕಿದರೆ ಬೆಣ್ಣೆಗೆ ಚಾಕು ಹಾಕಿದಂತೆ ಮೊಣಕೈವರೆಗೆ ಇಳಿಯಿತು. ಎಂದೋ ಯಾರೋ ಗುಂಡಿಯೊಂದಕ್ಕೆ ಬೂದಿ, ಗಾಜಿನ ಚೂರು, ಹಳೆ ಹಂಚು ತುಂಬಿ ಮುಚ್ಚಿದ್ದ ಜಾಗ. ಇನ್ನೂ ನಾಲ್ಕಡಿ ಅಗೆಯಬೇಕು, ಎಂಟು ದಿನದ ಕೆಲಸ. ಪಾಯ ತುಂಬಿದ ದಿನವೇ ನರ್ಸಮ್ಮ ಎರಡನೇ ಸಲದ ಹಣ ಕೊಡುವುದೆಂದು ಮಾತಾಗಿತ್ತು. ಹತ್ತನೇ ತಾರೀಖಿಗೆ ಉಳಿದಿದ್ದು ನಾಲ್ಕು ದಿನ.

ನರ್ಸಮ್ಮ ಶನಿವಾರ ಬಂದು ಇಳಿಯುತ್ತೇನೆಂದು ಹೇಳಿಕಳಿಸಿದ್ದರು. ಮೇಸ್ತ್ರಿ ಶುಕ್ರವಾರವೇ ಆ ಮೂಲೆಗೆ ಎರಡು ಗಾಡಿ ಜಲ್ಲಿ ಸುರಿದು, ದಿಮ್ಮಿಸಿ, ಮೇಲೆ ಕಾಂಕ್ರೀಟು ಎಳೆಸಿಬಿಟ್ಟ. ಆಳುಗಳು ಮುಖ ಮುಖ ನೋಡಿಕೊಂಡರು. ಹಿರಿಯವನೊಬ್ಬ ಮಾತ್ರ, "ಗಟ್ಟಿ ಸಿಕ್ತಾ ಮೇಸ್ತ್ರಿ?" ಎಂದು ಕೇಳಿದ. ಮೇಸ್ತ್ರಿ ಮಿಕ್ಸರ್ ತೊಳೆಯಲು ಹೋದ.

ಶನಿವಾರ ಬಂದ ನರ್ಸಮ್ಮನಿಗೆ, "ಮೋಡ ಕಟ್ಟಿತ್ತಮ್ಮ, ಅದಕ್ಕೇ ಅವಸರ ಮಾಡಿದೆ," ಎಂದ. ಅವರು ತಲೆಯೆತ್ತಿ ಖಾಲಿ ಆಕಾಶವನ್ನು ಒಮ್ಮೆ ನೋಡಿದರು. ಆದರೂ ಹಣ ಕೊಟ್ಟರು. ಹತ್ತನೇ ತಾರೀಖು ದಾಟಿತು.

ಮನೆ ಎದ್ದಿತು, ಬಣ್ಣವೂ ಆಯಿತು. ಅಲ್ಲಿಂದ ಮುಂದೆ ಎರಡು ವರ್ಷ ಮೇಸ್ತ್ರಿಯ ಕಾಲು ಒಂದು ಕಡೆ ನಿಲ್ಲಲಿಲ್ಲ. ಅರ್ಧ ಕೆಜಿ ಮೊಳೆ ತರಲು ಹೋಗಿ ಬರಿಗೈಲಿ ಬರುತ್ತಿದ್ದ. ಚರ್ಚಿನಲ್ಲಿ ಎಲ್ಲರೂ ಹಾಡಿನ ಮೂರನೇ ಚರಣದಲ್ಲಿದ್ದರೆ ಇವನು ಎರಡರಲ್ಲೇ ಇರುತ್ತಿದ್ದ. ಕೆಲಸ ಯಾವ ದಿಕ್ಕಿಗಿದ್ದರೂ ದಾರಿ ಮಾತ್ರ ನರ್ಸಮ್ಮನ ಬೀದಿಯ ಮೇಲೇ. ಅಲ್ಲಿ ಹಿತ್ತಲಿಗೆ ಹೋಗಿ ಮೂಲೆಯ ಗೋಡೆಯನ್ನು ಅಂಗೈಯಲ್ಲಿ ಸವರಿ ಬರುತ್ತಿದ್ದ.

"ಏನು ಮೇಸ್ತ್ರಿ, ನಿನ್ನ ಟೇಪು ಮತ್ತೆ ಇಲ್ಲೇ ಬಿಟ್ಟುಹೋಗಿದ್ಯಾ?" ಎಂದು ನರ್ಸಮ್ಮ ಕಿಟಕಿಯಿಂದಲೇ ಕೇಳುತ್ತಿದ್ದರು. "ಅಷ್ಟು ಸಲ ನಮ್ಮ ಆಸ್ಪತ್ರೆಗೆ ಬಂದಿದ್ರೆ ನಿಂಗೊಂದು ಹಾಸಿಗೆ ಕೊಡಿಸ್ತಿದ್ದೆ."

ಎರಡನೇ ವರ್ಷ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿತು. ನೀರಿನ ಡ್ರಮ್ಮಿನ ಹಿಂದೆ, ಬೇರೆಯವರ ಕಣ್ಣಿಗೆ ಬೀಳದ ಕಡೆ. ಮೇಸ್ತ್ರಿ ಬೆರಳಗಲದ ಒಂದು ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡವಾಗಿ ಸಿಮೆಂಟಿನಲ್ಲಿ ಅಂಟಿಸಿದ. ಗೋಡೆ ಸುಮ್ಮನಿದ್ದರೆ ಗಾಜು ಸುಮ್ಮನಿರುತ್ತದೆ. ಪಾಯ ಕೂರುತ್ತಿದ್ದರೆ ಗಾಜು ಒಡೆಯುತ್ತದೆ. ಮೇಸ್ತ್ರಿಗಳ ಹಳೆಯ ಉಪಾಯ.

ಈ ನಡುವೆ ಚರ್ಚಿನ ಸಭಾಪಾಲಕರು ಕರೆದರು. ಚರ್ಚಿಗೆ ಅಸ್ತಿವಾರ ಹಾಕಿದ ದಿನವನ್ನು ನೆನೆಯುವ ಭಾನುವಾರ ಪ್ರತಿ ವರ್ಷ ಮೇಸ್ತ್ರಿ ಐದು ನಿಮಿಷ ಮಾತಾಡುವುದು ರೂಢಿ. ಯೇಸುವಿನ ಕತೆಯಲ್ಲಿ ಬಂಡೆಯ ಮೇಲೆ ಮನೆ ಕಟ್ಟಿದವನು, ಮಳೆಗೆ ಬೀಳುವಂತೆ ಮರಳಿನ ಮೇಲೆ ಕಟ್ಟಿದವನು, ಇಬ್ಬರನ್ನೂ ಅವನು ತನ್ನ ಜೊತೆ ಕೆಲಸ ಮಾಡಿದವರಂತೆ ವರ್ಣಿಸುತ್ತಿದ್ದ. "ಹೊರಗಿಂದ ನೋಡಿದ್ರೆ ಎರಡೂ ಮನೆ ಒಂದೇ ಥರ ಕಣ್ರಪ್ಪ. ಮರಳಿನ ಮೇಲಿಂದೇ ಮೊದಲು ಮುಗಿದಿರುತ್ತೆ, ಬಣ್ಣಾನೂ ಮೊದಲು ಹೊಡೆದಿರ್ತಾರೆ," ಎಂದರೆ ಹೆಂಗಸರ ಸಾಲಿನಲ್ಲಿ ನಗು ಏಳುತ್ತಿತ್ತು. ಹಿಂದಿನ ವರ್ಷ ಜ್ವರ ಎಂದು ತಪ್ಪಿಸಿಕೊಂಡಿದ್ದ. ಈ ವರ್ಷ ಜ್ವರ ಬರುವಂತಿರಲಿಲ್ಲ. ಭಾನುವಾರಕ್ಕೆ ಎಂಟು ದಿನವಿತ್ತು.

ಮಾರನೆಯ ದಿನ ಹೋಗಿ ನೋಡಿದಾಗ ಗಾಜು ಎರಡಾಗಿತ್ತು.

ಮನೆಗೆ ಬಂದು ಬಾಗಿಲಲ್ಲೇ ನಿಂತು ಹೆಂಡತಿಗೆ ಹೇಳಿದ. ಅವಳು ಲಾಂಡ್ರಿಯಿಂದ ಕೂಲಿಗೆ ತಂದ ಹೊದಿಕೆಗಳನ್ನು ಮಡಿಸುತ್ತಿದ್ದಳು. ಕೈ ನಿಲ್ಲಿಸದೆ ಪೂರ್ತಿ ಕೇಳಿಸಿಕೊಂಡಳು.

"ಅಂದ್ರೆ ಎರಡು ವರ್ಷದಿಂದ ನಾವು ಅವರ ಮನೆ ಮೂಲೆ ತಿಂತಾ ಇದ್ದೀವಾ?"

"ಹಾಗಲ್ಲ ಕಣೇ..."

"ಮತ್ತೆ ಹೇಗ್ರೀ?"

ಅಲ್ಲೇ ಇದ್ದ ಅವಳ ತಮ್ಮ ಬಾಯಿ ಹಾಕಿದ. "ಭಾವ, ಮನೆ ಬಿದ್ದಿಲ್ಲ, ನೀನ್ಯಾಕೆ ಮೊದಲೇ ಬೀಳ್ತೀಯ? ಒಂದಿಷ್ಟು ಪುಟ್ಟಿ ಮೆತ್ತು. ಆ ಮುದುಕಿ ಡ್ರಮ್ ಸರಿಸಿ ನೋಡ್ತಾಳಾ?"

"ನೀನು ಸುಮ್ಮನಿರು," ಎಂದಳು ಅಕ್ಕ. "ಮಿಕ್ಸರ್ ಬಂದಾಗ ಅಂಗಡಿಯಿಂದ ನಿಂಗೆ ಎಷ್ಟು ಸಿಕ್ತು ಅಂತ ನಾನು ಕೇಳಿದ್ನಾ?" ಮತ್ತೆ ಗಂಡನ ಕಡೆ ತಿರುಗಿ, "ಅದನ್ನ ಮಾರಿ. ಆದರೆ ಅವರಿಗೆ ಹೇಳಿ ಆಮೇಲೆ ಮಾರಿ. ಮಾರಿ ಆಮೇಲೆ ಹೇಳ್ತೀನಿ ಅಂದ್ರೆ ನಿಮ್ಮ ಬಾಯಿ ಒಣಗೋಗುತ್ತೆ," ಎಂದಳು. ಅವಳು ಅವನನ್ನು ಅರೆದು ಕುಡಿದವಳು.

ನರ್ಸಮ್ಮ ಬಾಗಿಲು ತೆಗೆದಾಗ ಮೇಸ್ತ್ರಿ ನೆಲ ನೋಡುತ್ತ ಎಲ್ಲವನ್ನೂ ಹೇಳಿದ. ಬೂದಿ, ಜಲ್ಲಿ, ಹತ್ತನೇ ತಾರೀಖು, ಮೋಡದ ಸುಳ್ಳು, ಗಾಜು. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

"ನಾನೂ ಒಂದ್ಸಲ ಒಬ್ಬರ ಇಂಜೆಕ್ಷನ್ ಇನ್ನೊಬ್ಬರಿಗೆ ಚುಚ್ಚಿದ್ದೆ. ಡಾಕ್ಟರಿಗೆ ಹೇಳೋಕೆ ಹತ್ತು ನಿಮಿಷ ತಗೊಂಡೆ. ಆ ಹತ್ತು ನಿಮಿಷ ಇವತ್ತಿಗೂ ನನ್ನ ಬಿಟ್ಟಿಲ್ಲ. ನೀನು ಎರಡು ವರ್ಷ ತಗೊಂಡೆ."

"ಹೌದಮ್ಮ. ಕ್ಷಮಿಸಿ."

"ಕ್ಷಮಿಸ್ತೀನಿ ಅಂತ ಈಗ್ಲೇ ಹೇಳಲ್ಲ. ಮೊದಲು ಅಗೆ."

ಮಿಕ್ಸರ್ ಮಾರಿದ ಹಣ ಉಳಿದ ಕಂತುಗಳಿಗೆ ಸರಿಹೋಯಿತು. ಸಿಮೆಂಟಿಗೆ ಹೆಂಡತಿ ತನ್ನ ಚೀಟಿ ಎತ್ತಿದಳು. ಇನ್ನೊಂದು ಸಾಲ ಮಾಡಕೂಡದೆಂಬುದು ಅವಳ ಒಂದೇ ಷರತ್ತು. ಅಸ್ತಿವಾರದ ಭಾನುವಾರ ಮಾತಾಡಲಾರೆನೆಂದು ಮೇಸ್ತ್ರಿ ಸಭಾಪಾಲಕರಿಗೆ ಹೇಳಿ, ಕಾರಣವನ್ನೂ ಹೇಳಿದ.

"ನಾವು ತೀರಿಸಲಾರದ ಸಾಲವನ್ನ ಇನ್ನೊಬ್ಬರು ತೀರಿಸಿದ್ದಾರೆ ಅಂತ ವಾರವಾರ ಹಾಡ್ತೀವಲ್ಲಪ್ಪ," ಎಂದರು ಸಭಾಪಾಲಕರು.

"ಅದು ದೇವರ ಸಾಲ ಅಯ್ಯನವರೇ. ಇದು ನರ್ಸಮ್ಮಂದು."

ನಿಂತ ಗೋಡೆಯ ಕೆಳಗೆ ಪಾಯ ಕಟ್ಟುವುದು ಹಲ್ಲು ಕೀಳದೆ ಬೇರು ಬದಲಿಸಿದಂತೆ. ಉದ್ದಕ್ಕೂ ತೋಡಿದರೆ ಗೋಡೆ ಮೈಮೇಲೇ ಬರುತ್ತದೆ. ಮರದ ಆಸರೆ ಕೊಟ್ಟು, ಮೂರಡಿ ಅಗಲ ಮಾತ್ರ ತೋಡಿ, ಗಟ್ಟಿ ನೆಲದಿಂದ ಕಲ್ಲು ಕಟ್ಟಿಕೊಂಡು ಬಂದು, ಅದು ಬಿಗಿಯಾದ ಮೇಲೆ ಮತ್ತೊಂದು ಮೂರಡಿ. ಹೀಗೆ ಏಳು ಗುಂಡಿ. ಆಳು ಇಡುವ ಶಕ್ತಿಯಿಲ್ಲದೆ ಒಬ್ಬನೇ ಮಾಡಿದ. ಬೆಳಿಗ್ಗೆ ಬೇರೆಯವರ ಕೆಲಸ, ಮಧ್ಯಾಹ್ನದಿಂದ ಇದು. ಐವತ್ತೆಂಟರ ವಯಸ್ಸು. ಎದೆ ಹಿಡಿದುಕೊಂಡು ಗುಂಡಿಯ ಅಂಚಿಗೆ ಒರಗಿದ್ದನ್ನು ಒಬ್ಬ ಗೆಳೆಯ ಎರಡು ಸಲ ಕಂಡಿದ್ದ. ಕೇಳಿದರೆ "ವಾಯು" ಎಂದ. ಗೆಳೆಯ ಸಾಕಷ್ಟು ಪುಸ್ತಕ ಓದಿದವನು. ಆದರೂ ಆ ಮಾತನ್ನು ನಂಬಿದ.

ನರ್ಸಮ್ಮ ಕಿಟಕಿಯಿಂದ ನೋಡುತ್ತಿದ್ದರು. ಬೈಯಲಿಲ್ಲ, ಕರೆದು ಕೂರಿಸಲೂ ಇಲ್ಲ. ಏಳನೇ ಗುಂಡಿ ಮುಚ್ಚಿದ ದಿನ ಹೊರಗೆ ಬಂದು ಮಾತಿಗೆ ಬಾಯಿ ತೆರೆದರು. ಮೇಸ್ತ್ರಿಯೇ ತಡೆದ.

"ಈಗ ಬೇಡಮ್ಮ. ಒಂದು ಮಳೆಗಾಲ ಹೋಗ್ಲಿ. ಗೋಡೆ ನಿಂತರೆ ಹೇಳಿ."

ಹೊಸ ಗಾಜು ಅಂಟಿಸಿ ಹೋದ. ಮಳೆ ಹಿಡಿಯಿತು. ಅವನ ಅಲೆದಾಟ ಇನ್ನೂ ಹೆಚ್ಚಾಯಿತು. ಜೋರು ಮಳೆ ಬಂದರೆ ಊಟದ ಮಧ್ಯೆ ಎದ್ದು ಕೊಡೆ ಹುಡುಕುತ್ತಿದ್ದ. ಸಾಲದೆಂಬಂತೆ, ತಾನು ಕಟ್ಟಿದ ಹಳೆಯ ಮನೆಗಳನ್ನೆಲ್ಲ ಒಂದೊಂದಾಗಿ ನೋಡಿಕೊಂಡು ಬರತೊಡಗಿದ. "ಒಂದು ಮನೆಗೆ ಸುಳ್ಳು ಹೇಳಿದೋನು ಇನ್ನೊಂದಕ್ಕೆ ಹೇಳಿಲ್ಲ ಅಂತ ಏನು ಗ್ಯಾರಂಟಿ?" ಎಂದು ಹೆಂಡತಿಯನ್ನೇ ಕೇಳಿದ.

ಮಳೆಗಾಲ ಇನ್ನೂ ಅರ್ಧ ಉಳಿದಿರುವಾಗ, ಒಂದು ಬೆಳಿಗ್ಗೆ ನರ್ಸಮ್ಮ ಕೊಡೆ ಹಿಡಿದು, ಅವನು ಹೊಸದಾಗಿ ಪಾಯ ತೋಡಿಸುತ್ತಿದ್ದ ಜಾಗ ಹುಡುಕಿಕೊಂಡು ಬಂದರು. ಮೇಸ್ತ್ರಿ ಕೆಳಗಿದ್ದ, ಸೊಂಟದವರೆಗೆ ಕೆಸರು. ಆಳುಗಳೆಲ್ಲ ನೋಡುತ್ತಿದ್ದಂತೆ ಅವರು ಅಂಚಿಗೆ ಬಂದು ನಿಂತರು.

"ಮೇಸ್ತ್ರಿ, ನಿನ್ನ ಕ್ಷಮಿಸಿದ್ದೀನಿ. ಹೇಳಿ ಹೋಗೋಣ ಅಂತ ಬಂದೆ."

ಮೇಸ್ತ್ರಿ ಗುಂಡಿಯಿಂದಲೇ ತಲೆಯೆತ್ತಿದ. "ಗಾಜು ನೋಡಿದ್ರಾ? ಒಡೆದಿಲ್ವಾ?"

"ನೋಡಿಲ್ಲ."

"ಮಳೆ ಇನ್ನೂ ಒಂದೂವರೆ ತಿಂಗಳು ಇದೆಯಲ್ಲಮ್ಮ..."

"ನಾನು ಗೋಡೆ ವಿಷಯ ಹೇಳ್ತಿಲ್ಲ ಕಣಪ್ಪ," ಎಂದರು ನರ್ಸಮ್ಮ. "ಬೀಳೋದಿದ್ರೆ ಬೀಳ್ಲಿ. ನಿಂಗೆ ಹೇಳ್ತಿದ್ದೀನಿ."

ಹಿರಿಯ ಆಳು ಹಾರೆ ಹಿಡಿದುಕೊಂಡೇ ಆಚೆ ಮುಖ ತಿರುಗಿಸಿದ. ಮೇಸ್ತ್ರಿ ತಲೆ ಆಡಿಸಿದ. ಅವರು ಕೆಸರು ತಪ್ಪಿಸಿ ಹೆಜ್ಜೆಯಿಡುತ್ತ ಹೊರಟುಹೋದರು.

ಇದಾದ ಹನ್ನೊಂದನೇ ದಿನ ಅವನು ಬಸ್ಸಿಗೆ ಕಾಯುತ್ತ ನಿಂತಲ್ಲೇ ಕುಸಿದ. ಆಸ್ಪತ್ರೆ ತಲುಪುವಾಗ ಉಸಿರಿರಲಿಲ್ಲ.

ಆ ಹನ್ನೊಂದು ದಿನ ಅವನಿಗೆ ನೆಮ್ಮದಿ ಇತ್ತೇ ಎಂದು ಆ ಗೆಳೆಯ ಮೇಸ್ತ್ರಿಯ ಹೆಂಡತಿಯನ್ನು ಕೇಳಿದ. ಕೇಳಬಾರದಿತ್ತು, ಆದರೆ ಕೇಳಿದ. ಅವಳು ಸುಳ್ಳು ಹೇಳುವವಳಲ್ಲ. ನಿದ್ದೆ ಏನೂ ಹೆಚ್ಚು ಮಾಡಲಿಲ್ಲ ಎಂದಳು. ನರ್ಸಮ್ಮನ ಮನೆ ಕಡೆಗೂ ಎರಡು ಸಲ ಹೋಗಿದ್ದ. ಎರಡನೇ ಸಲ ತಡವಾಗಿ ಬಂದ.

"ಏನಾಗಿತ್ರೀ ಗಾಜು ಅಂದೆ. ನೋಡೋಕೇ ಮರೆತೆ ಅಂದ್ರು. ನರ್ಸಮ್ಮ ಟೀ ಕೊಟ್ರಂತೆ, ಕುಡಿದು ಬಂದ್ರಂತೆ."