ಮೆಲಿಟಾಳ ಲೇತು ನಿಲ್ಲಲಿಲ್ಲ

ಆಸ್ಟ್ರೇಲಿಯಾದ ಮೆಕಾಯ್ ಊರಿನ ನಮ್ಮ ಶೆಡ್ಡಿನಲ್ಲಿ ಮೆಲಿಟಾ ಬುಟಿಜೆಜ್ ಲೋಹ ಕಡೆಯುವ ಸಿಎನ್‌ಸಿ ಲೇತಿನ ಮುಂದೆ ನಿಂತು ಹತ್ತೊಂಬತ್ತು ವರ್ಷವಾಗಿತ್ತು. ಮಾಲ್ಟಾದಿಂದ ಬಂದು ಕಬ್ಬು ಬೆಳೆದ ಮನೆತನದ ಹೆಣ್ಣು. ಲೇತಿನ ವಿದ್ಯೆಯನ್ನು ಅವಳಿಗೆ ಯಾರೂ ಕೂರಿಸಿ ಹೇಳಿಕೊಟ್ಟಿರಲಿಲ್ಲ. ನೂರಾರು ತುಂಡು ಕೆಡಿಸಿ, ಬೈಸಿಕೊಂಡು ಕಲಿತಳು. ಕಡೆದ ಪ್ರತಿ ತುಂಡಿನ ಮೇಲೂ ಮಾರ್ಕರಿನಲ್ಲಿ ಎಷ್ಟನೆಯದೆಂಬ ಅಂಕಿ ಬರೆಯುವುದು ಅವಳ ಚಾಳಿ. ಕೂಸಿಗೆ ಹೆಸರಿಡುತ್ತಾಳೆ ಎಂದು ನಾವೆಲ್ಲ ಗೇಲಿ ಮಾಡುತ್ತಿದ್ದೆವು.

ಆ ವರ್ಷ ಸಕ್ಕರೆ ಮಿಲ್ಲು ಕಬ್ಬು ಅರೆಯಲು ತೊಡಗುವ ಮುನ್ನ ಅದನ್ನು ಹೊತ್ತು ತರುವ ರೈಲುಬಂಡಿಗಳ ಗಾಲಿಯೊಳಗೆ ಕೂರಿಸಲು ಬುಷ್ ಎಂಬ ಆರುನೂರು ಕಂಚಿನ ಬಳೆ ಬೇಕಾಗಿದ್ದವು. ಮೊದಲ ನೂರರಲ್ಲಿ ಒಂಬತ್ತು ವಾಪಸಾದವು. ಕೂದಲೆಳೆಯ ಕಾಲುಭಾಗದಷ್ಟು ದಪ್ಪ, ಗಾಲಿಯೊಳಕ್ಕೆ ಇಳಿಯುತ್ತಿರಲಿಲ್ಲ.

ಮಾಲೀಕ ನೆವಿಲ್ ಅವನ್ನು ಅವಳ ಮೇಜಿನ ಮೇಲೆ ಸುರಿದ.

"ನಿನ್ ಕಣ್ಣು ಮಂಜಾಯ್ತು ಕಣೆ ಮೆಲಿಟಾ. ಸೋಮವಾರದಿಂದ ಲೇತಿಗೆ ಬೇರೆಯವ್ನು ಬರ್ತಾನೆ. ನೀನು ಅರ ಹಿಡ್ದು ತುಂಡಿನ ಅಂಚು ಉಜ್ಕೊಂಡು ಮೂಲೇಲಿ ಕೂತಿರು."

ಅವಳು ಒಂಬತ್ತನ್ನೂ ಅಂಕಿಯ ಪ್ರಕಾರ ಸಾಲಾಗಿ ಇಟ್ಟಳು. ನಲವತ್ತೊಂದರಿಂದ ನಲವತ್ತೈದು, ಎಪ್ಪತ್ತೆರಡರಿಂದ ಎಪ್ಪತ್ತೈದು. ನಮ್ಮಲ್ಲಿ ಅಳೆಯುತ್ತಿದ್ದುದು ಹತ್ತಕ್ಕೊಂದು ತುಂಡನ್ನು. ನಲವತ್ತೂ ಸರಿ, ಐವತ್ತೂ ಸರಿ. ನಡುವಿನವು ಹೇಗೆ ಕೆಟ್ಟವು? ಅವಳು ತಲೆಯೆತ್ತಿ ಗೋಡೆಯ ಹಲಗೆ ನೋಡಿದಳು. 'ಸ್ಮೋಕೋಗೆ ಎಲ್ಲ ಯಂತ್ರ ನಿಲ್ಲಲಿ' ಎಂದು ನೆವಿಲನ ಅಪ್ಪ ಬರೆಸಿದ್ದ ಹಲಗೆ. ಸ್ಮೋಕೋ ಎಂಬ ಹತ್ತು ಗಂಟೆಯ ಚಹಾದ ಹೊತ್ತಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಬೇಕೆಂಬುದು ಅವನ ಹಟ. ಮಧ್ಯಾಹ್ನದ ಊಟಕ್ಕೂ ಅದೇ ಕಟ್ಟಳೆ.

"ನನ್ ಕಣ್ಣಿಗೆ ಏನೂ ಆಗಿಲ್ಲ ಕಣಪ್ಪ," ಎಂದಳು. "ಇವು ಕೆಟ್ಟಿರೋದು ನಿನ್ ಟೀಯಿಂದ."

ಬೆಳಿಗ್ಗೆ ಅರ್ಧ ಗಂಟೆ ಬರಿದೇ ಓಡಿಸಿ ಬಿಸಿ ಮಾಡಿದ ಲೇತು ಚಹಾಕ್ಕೂ ಊಟಕ್ಕೂ ನಿಲ್ಲಿಸಿದಾಗ ತಣಿಯುತ್ತದೆ, ತಣಿದ ಕಬ್ಬಿಣ ಕುಗ್ಗುತ್ತದೆ, ಉಳಿ ಕೂದಲೆಳೆಯ ಒಂದಂಶ ಹಿಂದೆ ಸರಿಯುತ್ತದೆ, ಮತ್ತೆ ಬಿಸಿಯಾಗುವವರೆಗೆ ತುಂಡುಗಳು ದಪ್ಪ ಬರುತ್ತವೆ ಎಂದು ವಿವರಿಸಿದಳು. ನಲವತ್ತೊಂದು ಚಹಾದ ನಂತರದ ಮೊದಲ ತುಂಡು, ಎಪ್ಪತ್ತೆರಡು ಊಟದ ನಂತರದ್ದು. ನೆವಿಲ್ ನಂಬಲಿಲ್ಲ.

ಶುಕ್ರವಾರ ಹತ್ತಕ್ಕೆ ಗಂಟೆ ಹೊಡೆಯಿತು. ಎಲ್ಲ ಯಂತ್ರ ಸುಮ್ಮನಾದರೂ ಮೆಲಿಟಾಳದು ತುಂಡಿಲ್ಲದೆ ಗಾಳಿಯನ್ನೇ ಕಡೆಯುತ್ತ ಓಡುತ್ತಲೇ ಇತ್ತು. ನೆವಿಲ್ ಅದನ್ನು ನಿಲ್ಲಿಸುವ ಗುಂಡಿಯತ್ತ ಕೈ ಚಾಚಿದ.

"ಮುಟ್ಬೇಡ. ಇವತ್ತೊಂದಿನ ಕೂಗ್ಲಿ. ಒಂದು ತುಂಡು ಕೆಟ್ರೂ ಸೋಮವಾರ ನಾನೇ ಅರ ಹಿಡ್ಕೊಂಡು ಮೂಲೇಲಿ ಕೂರ್ತೀನಿ."

ಚಹಾ ಮುಗಿದ ಮೇಲೆ ಇಳಿದ ಐದು ತುಂಡುಗಳನ್ನೂ ನೆವಿಲನೇ ಅಳೆದ. ಒಂದೊಂದನ್ನು ಎರಡೆರಡು ಸಲ. ಎಲ್ಲವೂ ಸರಿ. ಊಟದ ನಂತರದವನ್ನೂ ಅಳೆದ, ಅವೂ ಸರಿ. ಅವನು ಕನ್ನಡಕ ತೆಗೆದು ಒರೆಸಿಕೊಂಡು, ಸೋಮವಾರ ಬರಬೇಕಾದವನಿಗೆ ಫೋನು ಮಾಡಿ ಬೇಡವೆಂದ.

ಉಳಿದ ಐನೂರು ಬುಷ್‌ಗಳಲ್ಲಿ ಒಂದೂ ಹಿಂದೆ ಬರಲಿಲ್ಲ. ಜೂನಿನಲ್ಲಿ ಬಂಡಿಗಳು ಹೊರಟಾಗ ಮೆಲಿಟಾ ಹಳಿಯ ಪಕ್ಕ ಸೊಂಟಕ್ಕೆ ಕೈಯಿಟ್ಟು ನಿಂತು ಗಾಲಿ ಎಣಿಸಿದಳು.

ಈಗ ಆ ಹಲಗೆಯ ಕೆಳಗೆ ಮಾರ್ಕರಿನಲ್ಲಿ ಇನ್ನೊಂದು ಸಾಲಿದೆ: 'ಮೆಲಿಟಾಳದು ಬಿಟ್ಟು.' ನೆವಿಲನದೇ ಕೈಬರಹ. ಸ್ಮೋಕೋದಲ್ಲಿ ನಾವು ಗಂಟಲು ಹರಿದುಕೊಂಡು ಮಾತಾಡುತ್ತೇವೆ. ಅವಳು ಆ ಸದ್ದಿನ ಪಕ್ಕದಲ್ಲೇ ಕೂತು ಮಾಲ್ಟಾದ ಚೀಸಿನ ಕಡುಬಾದ ತನ್ನ ಪಸ್ತಿಜ್ಜಿಯನ್ನು ನಿಧಾನವಾಗಿ ತಿನ್ನುತ್ತಾಳೆ.