ಏಕವಚನದಲ್ಲಿ ಬಂದ ಉತ್ತರ

ಈ ಬರಹದಲ್ಲಿ ಕಾಗುಣಿತದ ತಪ್ಪು ಸಿಕ್ಕರೆ ತಲೆಬಾಗಿ ತಿದ್ದಿಕೊಳ್ಳುತ್ತೇನೆ. ಆದರೆ ಇದು ನಡೆದೇ ಇಲ್ಲ ಎನ್ನುವವರ ಮಾತನ್ನು ಒಪ್ಪಲಾರೆ. ನಡೆದದ್ದು ನನ್ನ ಕಣ್ಣೆದುರು, ನನ್ನದೇ ಕೈಯಿಂದ.

ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ಹದಿನೆಂಟು ವರ್ಷ ಕನ್ನಡ ಕಲಿಸಿದ ನಾನು ಈಗ ದೋಹಾದ ಕಚೇರಿಯೊಂದರಲ್ಲಿ ಕಡತಗಳನ್ನು ನೋಡಿಕೊಳ್ಳುತ್ತೇನೆ. ಮದೀನತ್ ಖಲೀಫಾದ ಹಳೆಯ ವಿಲ್ಲಾವೊಂದರ ಹಿಂಬದಿಯ ಎರಡು ಕೋಣೆಗಳು ನನ್ನ ಬಿಡಾರ. ಅದರ ಅಂಗಳದಲ್ಲಿ, ತಗಡಿನ ಮಾಡಿನ ಕೆಳಗೆ, ನನಗಿಂತ ಹಿರಿಯದಾದ ಒಂದು ಜರ್ಮನ್ ಕಾರು ನಿಂತಿತ್ತು. ಅಲ್ ಮುಂತಜಾ ಬಡಾವಣೆಯ ಅರಬ್ ಮುದುಕರೊಬ್ಬರು ತೀರಿಕೊಂಡ ಮೇಲೆ ಅವರ ಮಕ್ಕಳಿಂದ ಕೊಂಡದ್ದು. ಎಂಜಿನ್ ಬಿಗಿದುಹೋಗಿತ್ತು, ಹೊರತೆಗೆಯದೆ ದುರಸ್ತಿ ಸಾಧ್ಯವಿರಲಿಲ್ಲ.

ನೆರವಿಗೆ ಬಂದವನು ದಿನಕರ. ಕಾಪು ಕಡೆಯವನು, ಏಸಿ ಮೆಕ್ಯಾನಿಕ್, ನನಗಿಂತ ಹದಿನೈದು ವರ್ಷ ಚಿಕ್ಕವನು. ಬಿಸಿಲಿಗೆ ಹೆದರಿ ಸಂಜೆಯ ಮಗ್ರಿಬ್ ಬಾಂಗ್ ಆದ ಮೇಲೆಯೇ ಕೆಲಸ ಶುರು ಮಾಡಿದೆವು. ಮರುಜೋಡಣೆಯ ವೇಳೆ ಕ್ರಮ ತಪ್ಪಬಾರದೆಂದು ನನ್ನ ಮೊಬೈಲನ್ನು ಸ್ಟೂಲಿನ ಮೇಲೆ ಆನಿಸಿ ಎಲ್ಲವನ್ನೂ ವಿಡಿಯೊ ಮಾಡುತ್ತಿದ್ದೆ. ಕಳಚಿದ ಒಂದೊಂದು ಬೋಲ್ಟನ್ನೂ ಚೀಟಿ ಅಂಟಿಸಿದ ಪೊಟ್ಟಣಕ್ಕೆ ಹಾಕುತ್ತಿದ್ದೆ.

“ಎಂತ ಮಾಷ್ಟ್ರೇ, ನಟ್ಟು ಬೋಲ್ಟಿಗೂ ಹಾಜರಿ ಹಾಕ್ತೀರಾ?”

“‘ಎಂತ’ ಅಲ್ಲ ದಿನಕರ, ‘ಏನು’.”

“ನಿಮ್ಮ ಕ್ಲಾಸಲ್ಲಿ ಕೂತಿದ್ರೆ ನಾನು ಇನ್ನೂ ಎಂಟನೇಲೇ ಇರ್ತಿದ್ದೆ ಮಾರಾಯ್ರೇ!”

ಎಷ್ಟೇ ತಮಾಷೆ ಮಾಡಿದರೂ ಅವನು ನನ್ನನ್ನು ಬಹುವಚನದಲ್ಲಿಯೇ ಮಾತನಾಡಿಸುತ್ತಿದ್ದ. ಏಕವಚನದಲ್ಲಿ ಕರೆದ ಸಹೋದ್ಯೋಗಿಯೊಬ್ಬನೊಂದಿಗೆ ನಾನು ಎರಡು ವರ್ಷ ಮಾತು ಬಿಟ್ಟದ್ದು ಅವನಿಗೆ ಗೊತ್ತಿತ್ತು.

ಬಾಡಿಗೆಗೆ ತಂದ ಕ್ರೇನಿನ ಹಿಡಿಯನ್ನು ಒತ್ತಿದಷ್ಟೂ ಎಂಜಿನ್ ಏರುತ್ತಿತ್ತು. ಹಿಡಿಯ ಬುಡದಲ್ಲಿದ್ದ ಕೀಲಿ ತಿರುಗಿಸಿದರೆ ಇಳಿಯುತ್ತಿತ್ತು. ಒಂದು ಗೇಣು ಎದ್ದಾಗ ಅಡಿಯಲ್ಲಿ ತಂತಿಯೊಂದು ಸಿಕ್ಕಿಕೊಂಡಿತು. ಅದನ್ನು ಬಿಡಿಸಿ, ಎಂಜಿನ್ನನ್ನು ತುಸು ತಗ್ಗಿಸಿ, ಮುಂದಕ್ಕೆ ಎಳೆಯಬೇಕಿತ್ತು.

“ನಾನು ಕೈ ಹಾಕ್ತೇನೆ. ನಾನು ಹೇಳದೆ ಕೀಲಿ ಮುಟ್ಬೇಡಿ ಮಾಷ್ಟ್ರೇ, ಆಯ್ತಾ? ಹೇಳಿದ ಮೇಲೂ ಸ್ವಲ್ಪವೇ ಸ್ವಲ್ಪ.”

ಅವನು ಆಚೆ ಬದಿಯಲ್ಲಿ ಬಗ್ಗಿದ. ತೂಗುತ್ತಿದ್ದ ಎಂಜಿನ್ ಅವನ ಮುಖವನ್ನು ಮರೆಮಾಡಿತು. ಟಾರ್ಚಿನ ಬೆಳಕು ಮಾತ್ರ ಕಾಣುತ್ತಿತ್ತು.

ಟಪ್... ಟಪ್... ಹಳೆಯ ಎಣ್ಣೆ ತಟ್ಟೆಗೆ ತೊಟ್ಟಿಕ್ಕುತ್ತಿತ್ತು.

ಆಗ ಸುತ್ತಲಿನ ವಿಲ್ಲಾಗಳ ಏಸಿಗಳ ಗುಂಯ್‌ಗುಡುವಿಕೆ ಒಮ್ಮೆಲೇ ನಿಂತಿತು. ದೀಪಗಳು ಮಾತ್ರ ಉರಿಯುತ್ತಲೇ ಇದ್ದವು. ಎಂಜಿನ್ನಿನ ಒಡಲಿನಿಂದ ಅರಬರ ಮನೆಗಳ ಬಖೂರ್ ಧೂಪದ ವಾಸನೆ ಬಂದಿತು... ಆಗಷ್ಟೇ ಕೆಂಡಕ್ಕೆ ಹಾಕಿದಂತೆ, ಬೆಚ್ಚಗೆ.

“ಬಿಡಲೇ?” ಎಂದು ಕೇಳಿದೆ.

ತುಸು ಕಾದು ದನಿ ಏರಿಸಿದೆ.

“ದಿನಕರ, ಬಿಡಲೇ?”

“ಬಿಡು.”

ದಿನಕರನದೇ ಸ್ವರ. ಆದರೆ ಆಳಿಗೆ ಅಪ್ಪಣೆ ಕೊಟ್ಟಂತಹ ಧಾಟಿ. ನನ್ನ ಕಿವಿಗಳು ಬಿಸಿಯಾದವು. ನಾನು ಕೀಲಿಯನ್ನು ಸ್ವಲ್ಪವಲ್ಲ... ಪೂರ್ತಿ ತಿರುಗಿಸಿದೆ.

ಹಸಿ ಕಬ್ಬು ಮುರಿದಂತಹ ಸದ್ದಾಯಿತು. ಅನಂತರ ಕೇಳಿದ್ದು ಮನುಷ್ಯನ ಕೂಗೆಂದು ಅರಿವಾಗಲು ನನಗೆ ಕ್ಷಣ ಹಿಡಿಯಿತು.

ಎಂಜಿನ್ನನ್ನು ಎತ್ತದೆ ಅವನ ಕೈ ಬರುವಂತಿರಲಿಲ್ಲ. ಕೀಲಿ ಬಿಗಿದು ಹಿಡಿಯನ್ನು ಒತ್ತತೊಡಗಿದೆ. ಒಂದೊಂದು ಒತ್ತಿಗೂ ಅದು ಕೂದಲೆಳೆಯಷ್ಟೇ ಏರುತ್ತಿತ್ತು. ಒಂದೊಂದು ಒತ್ತಿಗೂ ಅವನು “ಅಮ್ಮಾ” ಎನ್ನುತ್ತಿದ್ದ. ಹನ್ನೊಂದು ಸಲ ಒತ್ತಿದೆ. ಹತ್ತನೆಯದಕ್ಕೆ ಅವನು ಸುಮ್ಮನಾಗಿದ್ದ. ಏಸಿಗಳು ಮತ್ತೆ ಯಾವಾಗ ಗುಂಯ್‌ಗುಟ್ಟತೊಡಗಿದವೋ ತಿಳಿಯಲಿಲ್ಲ.

ಬಲಗೈಯ ಮೂರು ಬೆರಳುಗಳು ಹೋದವು. ಸ್ಪ್ಯಾನರ್ ಹಿಡಿಯಲಾಗದ ಮೆಕ್ಯಾನಿಕ್‌ನನ್ನು ಯಾರು ಇಟ್ಟುಕೊಂಡಾರು? ಅವನ ಫೋರ್‌ಮನ್ ಒಂದೇ ಮಾತು ಹೇಳಿದನಂತೆ: “ಖಲಾಸ್.”

ಅವನು ಊರಿಗೆ ಹೊರಡುವ ಹಿಂದಿನ ದಿನ ಬರ್ವಾ ಅಲ್ ಬರಾಹಾದ ಕಾರ್ಮಿಕರ ವಸತಿಯಲ್ಲಿದ್ದ ಅವನ ಕೋಣೆಗೆ ಹೋದೆ. ಮಂಚದ ಮೇಲೆ ಅರ್ಧ ತುಂಬಿದ ರಟ್ಟಿನ ಪೆಟ್ಟಿಗೆಯಿತ್ತು. ತಪ್ಪು ನನ್ನದಲ್ಲವೆಂದು ಅವನಿಗೆ ಮನವರಿಕೆ ಮಾಡಿಕೊಡಬೇಕಿತ್ತು. ಅಷ್ಟಕ್ಕಾಗಿಯೇ ಹೋಗಿದ್ದೆ.

“ನೀನೇ ‘ಬಿಡು’ ಎಂದೆ ದಿನಕರ.”

“ವಿಡಿಯೊ ಉಂಟಲ್ಲ? ತೋರಿಸಿ.”

ಅದನ್ನು ನಾನೂ ಅದುವರೆಗೆ ನೋಡಿರಲಿಲ್ಲ. ಇಬ್ಬರೂ ಮಂಚದ ಅಂಚಿನಲ್ಲಿ ಕುಳಿತು ನೋಡಿದೆವು. ಸ್ಟೂಲಿನ ಕಡೆಯಿಂದ ಅವನ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಒಂದು ಕೈ ಎಂಜಿನ್ನಿನ ಅಡಿಯಲ್ಲಿ, ಇನ್ನೊಂದು ಅದರ ಮಗ್ಗುಲಿಗೆ ಒತ್ತಿಕೊಂಡು. ಟಾರ್ಚನ್ನು ಅವನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ.

ನನ್ನ ಪ್ರಶ್ನೆ ಕೇಳಿಸಿತು. ಎರಡನೆಯ ಸಲವೂ ಕೇಳಿಸಿತು. ವಿಡಿಯೊದಲ್ಲಿ ಅವನು ತಲೆ ಅಲ್ಲಾಡಿಸಿದ: ಬೇಡ, ಬೇಡ...

“ಬಿಡು.”

ಟಾರ್ಚು ಅಲುಗಲಿಲ್ಲ. ತುಟಿಗಳು ಮಿಸುಕಲಿಲ್ಲ.

ದಿನಕರ ಮತ್ತೊಮ್ಮೆ ಹಾಕಿಸಿ ಕೇಳಿದ.

“ಸ್ವರ ನನ್ನದೇ,” ಎಂದ ಮೆಲ್ಲಗೆ. “ಹೇಳಿದ್ದು ನಾನಲ್ಲ.”

“ಅಲ್ಲ,” ಎಂದೆ.

“ನಾನು ಯಾವತ್ತಾದ್ರೂ ನಿಮ್ಗೆ ‘ಬಿಡು’ ಅಂತ ಹೇಳಿದ್ದುಂಟಾ ಮಾಷ್ಟ್ರೇ?”

“ಇಲ್ಲ.”

“ಹಾಗಾದ್ರೆ ಅದು ನಾನಲ್ಲ ಅಂತ ನಿಮ್ಗೆ ಆಗ್ಲೇ ಗೊತ್ತಾಗ್ಬೇಕಿತ್ತು. ಕನ್ನಡ ಮಾಷ್ಟ್ರು ನೀವು.” ಅವನು ನನ್ನನ್ನೇ ನೋಡಿದ. “ಮತ್ತೆ ಯಾಕೆ ಬಿಟ್ರಿ?”

“ಗಾಬರಿಯಲ್ಲಿ...” ಎಂದೆ.

ಅದು ಸುಳ್ಳು. ನನಗೆ ಗಾಬರಿಯಾಗಿರಲಿಲ್ಲ, ಸಿಟ್ಟು ಬಂದಿತ್ತು. ಅವನು ಹಗ್ಗದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಎಡಗೈಯಿಂದ ಪೆಟ್ಟಿಗೆ ಬಿಗಿಯತೊಡಗಿದ. ನೆರವಿಗೆ ಕೈ ಚಾಚಿದೆ. ಪೆಟ್ಟಿಗೆಯನ್ನು ತನ್ನತ್ತ ಸರಿಸಿಕೊಂಡ.

ಆ ವಿಡಿಯೊ ಈಗಲೂ ನನ್ನ ಬಳಿ ಇದೆ. ಆ ರಾತ್ರಿ ನಮ್ಮಿಬ್ಬರ ನಡುವೆ ಯಾರು ನಿಂತಿದ್ದರೋ ನಾನರಿಯೆ. ಆದರೆ ಯಾವ ಒಂದು ಪದಕ್ಕೆ ನಾನು ಕೀಲಿಯನ್ನು ಪೂರ್ತಿ ತಿರುಗಿಸಿಯೇನೆಂಬುದು ಅದಕ್ಕೆ ತಿಳಿದಿತ್ತು... ಅಷ್ಟು ಚೆನ್ನಾಗಿ ನನ್ನನ್ನು ಬಲ್ಲವರು ಈ ಊರಿನಲ್ಲಿ ಯಾರೂ ಇರಲಿಲ್ಲ.